ಹರಾಜಿಗಿಟ್ಟ ಮನೆಯಲ್ಲಿ ಉಡಿ ತುಂಬಿಸಿಕೊಂಡದ್ದು

ಹರಾಜಿನ ಜಾಹೀರಾತು ಓದುವುದು ಅಪ್ಪನಿಗೆ ಚಟವಾಗಿತ್ತು. ಭಾನುವಾರದ ಪೇಪರಿನಲ್ಲಿ ಉಳಿದವರು ಮೊದಲು ತೆರೆಯುವ ಪುಟಗಳನ್ನೆಲ್ಲ ನನ್ನ ಕಡೆ ತಳ್ಳಿ, ಇರುವೆ ಸಾಲಿನಂಥ ಅಕ್ಷರಗಳ ಆ ಒಂದು ಪುಟವನ್ನು ಮಾತ್ರ ತಾನು ಇಟ್ಟುಕೊಳ್ಳುತ್ತಿದ್ದ. ಸಾಲ ಕಟ್ಟಲಾಗದವರ ಮನೆಗಳನ್ನು ಸರ್ಕಾರಿ ಬ್ಯಾಂಕುಗಳು ವಶಕ್ಕೆ ತೆಗೆದುಕೊಂಡು ಮಾರುವ ಪುಟ ಅದು. ಪ್ರತಿ ಜಾಹೀರಾತಿನ ಕೊನೆಗೂ ಒಂದೇ ಮಾತು: ಸ್ವತ್ತನ್ನು ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ಮಾರಲಾಗುವುದು. ಅವ್ವ ಉಪ್ಪಿಟ್ಟಿನ ತಟ್ಟೆ ತಂದಿಟ್ಟರೆ ನಾನು ರೇಡಿಯೋ ವಾರ್ತೆಯ ದನಿ ತೆಗೆದು, "ಎಲ್ಲಿದೆಯೋ ಹೇಗಿದೆಯೋ ಹಾಗೆಯೇ ತಿನ್ನಲಾಗುವುದು" ಎನ್ನುತ್ತಿದ್ದೆ.

"ನಿನ್ನೂ ಒಂದಿನ ಹಂಗ ಹರಾಜಿಗೆ ಇಡ್ತೀನಿ. ಒಬ್ಬರೂ ಕೂಗೂದಿಲ್ಲ ನೋಡು" ಎಂದು ಅವ್ವ ಅಷ್ಟೇ ವೇಗದಲ್ಲಿ ತಿರುಗಿಸಿ ಕೊಡುತ್ತಿದ್ದಳು.

ನಾವು ಗದಗದ ಕಡೆಯವರು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದ. ಮನೆ ಗೊರಗುಂಟೆಪಾಳ್ಯದಲ್ಲಿ, ಬಾಡಿಗೆಗೆ. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ, ಅಥವಾ ಬಿ.ಕಾಂ. ನನ್ನ ಕೊನೆಯಲ್ಲಿತ್ತು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಕಾಲೇಜಿನ ಮಿಮಿಕ್ರಿಯಲ್ಲಿ ಎರಡನೇ ಬಹುಮಾನ ಬಂದಿತ್ತು. ಸ್ಪರ್ಧೆಗಿದ್ದವರು ಇಬ್ಬರೇ ಎಂಬುದನ್ನು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ಮನೆಯೊಳಗೆ ನನ್ನ ನಾಲಿಗೆ ಗದಗ, ಹೊಸ್ತಿಲು ದಾಟಿದರೆ ಯಶವಂತಪುರ. ಕಂಡಕ್ಟರು, ತರಕಾರಿಯವನು, ನಮ್ಮ ಓನರು, ಎಲ್ಲರೂ ಸಂಜೆ ನನ್ನ ಬಾಯಿಂದಲೇ ಮನೆಯೊಳಗೆ ಬರುತ್ತಿದ್ದರು.

ಆ ವರ್ಷ ಓನರನ್ನು ಅಣಕಿಸುವುದು ಕಷ್ಟವಾಯಿತು. ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತೇನೆ, ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದು ಅವರು ಹೇಳಿಬಿಟ್ಟಿದ್ದರು. ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಅವರ ಕಟ್ಟಪ್ಪಣೆಯಿಂದ ನಮ್ಮ ದೇವರ ಪಟಗಳು ಇಷ್ಟು ವರ್ಷ ಗೋಡೆಗೆ ಒರಗಿಕೊಂಡೇ ಇದ್ದವು. ಇನ್ನೊಂದು ಬಾಡಿಗೆ ಮನೆ ಸಿಗುವುದು ದೊಡ್ಡ ಮಾತಲ್ಲ. ಆದರೆ ಅಪ್ಪನಿಗೆ ನಿವೃತ್ತಿ ಹತ್ತಿರವಿತ್ತು. ಸಂಬಳ ನಿಂತ ಮೇಲೆ ಯಾವ ಬ್ಯಾಂಕೂ ಮನೆ ಸಾಲ ಕೊಡುವುದಿಲ್ಲ. ಸ್ವಂತ ಮನೆ ಆಗುವುದಿದ್ದರೆ ಈಗ, ಇಲ್ಲದಿದ್ದರೆ ಇಲ್ಲ. ನಮ್ಮ ಯೋಗ್ಯತೆಗೆ ಎಟುಕುವುದು ಹರಾಜಿನ ಪುಟದ ಮನೆಗಳು ಮಾತ್ರ.

ಹಾಗೆ ಅಪ್ಪನ ಬೆರಳು ಒಂದು ಭಾನುವಾರ ಹೆಬ್ಬಾಳದಾಚೆಯ ಕೋಗಿಲು ಎಂಬಲ್ಲಿನ ಒಂದು ಮನೆಯ ಮೇಲೆ ನಿಂತಿತು.

ನಾವಿಬ್ಬರೂ ಹೋಗಿ ಅದನ್ನು ರಸ್ತೆಯಿಂದ ನೋಡಿಕೊಂಡು ಬಂದೆವು. ಕೆಳಗೊಂದು ಮನೆ, ಮೇಲೊಂದು, ಗೇಟಿನ ಪಕ್ಕ ಸೀಬೆಗಿಡ. ಅಲ್ಲಿಂದ ಬ್ಯಾಂಕಿಗೆ ಹೋದೆವು. ಅಲ್ಲಿನ ಅಧಿಕಾರಿ ಪ್ರತಿ ವಾಕ್ಯವನ್ನೂ ನಮ್ಮ ಒಪ್ಪಿಗೆ ಕೇಳಿ ಮುಗಿಸುವವರು.

"ಒಳಗ ಹೋಗಿ ನೋಡಬಹುದೇನ್ರಿ?" ಅಪ್ಪ ಕೇಳಿದ.

"ಒಳಗೆ ಓನರ್ ಫ್ಯಾಮಿಲಿ ಇದಾರೆ ಅಲ್ವಾ ಸರ್. ನಾವು ಪೇಪರ್ ಮೇಲೆ ಪೊಸೆಷನ್ ತಗೊಂಡಿದೀವಿ, ನೋಟಿಸ್ ಅಂಟ್ಸಿದೀವಿ. ನೀವು ಹೊರಗಡೆಯಿಂದ ನೋಡ್ಕೋಬೋದು ಅಲ್ವಾ."

"ಮತ್ತ ಅವರು ಮನಿ ಬಿಡಲಿಲ್ಲಂದ್ರ?"

"ಆರ್ಡರ್ ತಗೊಂಡು, ಪೊಲೀಸ್ ಕರ್ಕೊಂಡು ಹೋಗಿ ಖಾಲಿ ಮಾಡ್ಸಿ ಕೊಡ್ತೀವಿ. ಸ್ವಲ್ಪ ಟೈಮ್ ಆಗುತ್ತೆ, ಅಷ್ಟೇ ಅಲ್ವಾ ಸರ್."

ಅಪ್ಪ ಅಷ್ಟೇ ಎಂಬಂತೆ ತಲೆಯಾಡಿಸಿದ. ಮನೆಯವರ ಕಥೆಯನ್ನೂ ಅಧಿಕಾರಿಯೇ ಹೇಳಿದರು. ಊರಿನ ಹಳಬರು, ಜಮೀನು ಸರ್ಕಾರಕ್ಕೆ ಹೋದಾಗ ಬಂದ ದುಡ್ಡಿನಲ್ಲಿ ಮನೆ ಕಟ್ಟಿದ್ದರು, ಅದನ್ನು ಅಡವಿಟ್ಟು ಎರಡು ಟಿಪ್ಪರ್ ಲಾರಿ ತೆಗೆದರು, ಲಾರಿಗಳಿಗೆ ಕೆಲಸ ಸಿಗಲಿಲ್ಲ. ಎರಡು ದಿನ ಬಿಟ್ಟು ಅಪ್ಪ ಮುಂಗಡದ ಡಿಡಿಯ ಜೊತೆ ತನ್ನ ಬೆಲೆ ಬರೆದ ಮುಚ್ಚಿದ ಕವರನ್ನು ಬ್ಯಾಂಕಿನ ಪೆಟ್ಟಿಗೆಗೆ ಹಾಕಿದ. ಹರಾಜಿನ ದಿನ ಎಲ್ಲ ಕವರುಗಳನ್ನೂ ಎದುರಿಗೇ ಒಡೆಯುತ್ತಾರೆ. ಅತಿ ಹೆಚ್ಚು ಬರೆದವರ ಬೆಲೆಯಿಂದ ಕೂಗು ಶುರು, ಬೇಕಾದವರು ಬ್ಯಾಂಕು ಗೊತ್ತುಮಾಡಿದ ಮೊತ್ತದ ಒಂದೊಂದು ಮೆಟ್ಟಿಲಾಗಿ ಏರಿಸಬಹುದು. ಹಾಕಿದ ಕವರಿನಿಂದ ಹಿಂದೆ ಸರಿದರೆ ಮುಂಗಡ ಹೋದಂತೆ.

ಇದಿಷ್ಟನ್ನೂ ನಾನು ಅಧಿಕಾರಿಯ ದನಿಯಲ್ಲಿ ಅವ್ವನಿಗೆ ಒಪ್ಪಿಸಿದೆ. ಅವಳು ನಗಲಿಲ್ಲ.

"ಸೀರಿ ತಗೊಳ್ಳೂಮುಂದ ಮಡಿಕಿ ಬಿಚ್ಚಿ ನೋಡ್ತೀವಿ. ಮನೀನ ಹೊರಗ ನಿಂತು ನೋಡಿ ತಗೋತೀರೇನು? ಅಡಗಿ ಮನಿ ನೋಡಲಾರದ ನಾ ಒಲ್ಲೆ."

ಆಗ ನನಗೆ ಆ ಮನೆಯ ಮೇಲಿನ ಮಹಡಿಗೆ ಕಟ್ಟಿದ್ದ 'ಮನೆ ಬಾಡಿಗೆಗಿದೆ' ಬೋರ್ಡು ನೆನಪಾಯಿತು. ಬಾಡಿಗೆ ಕೇಳುವವರಾಗಿ ಹೋದರೆ ಯಾರು ಒಳಗೆ ಬಿಡುವುದಿಲ್ಲ? ಅಪ್ಪ ಒಪ್ಪಿದ. ಸೆರಗಿನ ಅಂಚು ತಿರುವುತ್ತ ಅವ್ವನೂ ಒಪ್ಪಿದಳು.

ಶ್ರಾವಣದ ಶುಕ್ರವಾರ ಹೊರಟೆವು. ಹೆಬ್ಬಾಳದಾಚೆ ರಸ್ತೆಯ ನಡುವೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಬಸ್ಸು ನಿಂತಲ್ಲಿ ನಿಂತಿರುತ್ತಿತ್ತು. ದಾರಿಯುದ್ದಕ್ಕೂ ನಾನು ಅಪ್ಪನಿಗೆ ಪಾಠ ಹೇಳಿಕೊಟ್ಟೆ.

"ಅಪ್ಪಾ, ನೀ ಬಾಡಿಗಿ ಕೇಳಾಕ ಹೊಂಟಾಂವ. ನೀರು ಬರ್ತೈತೇನ್ರಿ, ಅಡ್ವಾನ್ಸ್ ಎಷ್ಟ್ರಿ, ಇಷ್ಟ ಕೇಳಬೇಕು. ಬ್ಯಾರೆ ಬಾಯಿ ತಗೀಬ್ಯಾಡ."

"ನನಗ ಕಲಸ್ತೀಯೇನಲೇ" ಎಂದ ಅಪ್ಪ, ಗೇಟಿನೊಳಗೆ ಕಾಲಿಟ್ಟವನೇ ಪೋರ್ಟಿಕೋದ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಬಾಗಿಲಿಗೆ ಬಂದ ಮನೆಯ ಯಜಮಾನರನ್ನು ಕೇಳಿದ: "ಪಾಯಾ ಎಷ್ಟ ಫೂಟ್ ತಗಸೀರ್ರಿ?"

ಆ ಮನುಷ್ಯ ಒಂದು ಕ್ಷಣ ನಮ್ಮನ್ನು ನೋಡಿದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಆರಡಿ ಅಣ್ಣಾ. ಯಾಕೆ?"

"ಅವ್ರಿಗೆ ಭೂಕಂಪ ಅಂದ್ರೆ ಭಯ ಸಾರ್" ಎಂದೆ ನಾನು.

ಅವರು ನಕ್ಕು ಒಳಗೆ ಕರೆದರು. ಒಳಗೆ ಹೋಗುವಾಗ ಬಾಗಿಲ ಪಕ್ಕದ ಹೊರಗೋಡೆಯಲ್ಲಿ ಒಂದು ಕ್ಯಾಲೆಂಡರು ನೇತಾಡುತ್ತಿರುವುದು ಕಂಡಿತು. ಹೊರಗೋಡೆಗೆ ಕ್ಯಾಲೆಂಡರು ಹಾಕುವವರನ್ನು ನಾನು ನೋಡಿದ್ದು ಅದೇ ಮೊದಲು. ಗಾಳಿಗೆ ಅದು ಮೇಲೆದ್ದಾಗ ಹಿಂದೆ ಕಿತ್ತ ಕಾಗದದ ಚೂರು, ಒಣಗಿದ ಅಂಟು. ಬ್ಯಾಂಕಿನವರು ಅಂಟಿಸಿದ ನೋಟಿಸಿನ ಜಾಗ. ಅಪ್ಪನೂ ನೋಡಿದ; ಇಬ್ಬರೂ ನೋಡದವರಂತೆ ಚಪ್ಪಲಿ ಬಿಟ್ಟೆವು.

ಮೇಲಿನ ಮನೆ ತೋರಿಸಿ ಕೆಳಗೆ ತಂದು ಕೂರಿಸಿದ ಮೇಲೆ ಅವರು ಮಾತು ತೆಗೆದರು. "ತಿಂಗ್ಳು ತಿಂಗ್ಳು ಬಾಡಿಗೆ ಯಾಕಣ್ಣಾ ನಿಮ್ಗೆ? ಭೋಗ್ಯಕ್ಕೇ ತಗೊಂಬಿಡಿ. ಒಂದೇ ಸತಿ ದುಡ್ಡು ಕೊಟ್ಬಿಡಿ, ಮೂರ್ ವರ್ಷ ಆರಾಮಾಗಿರಿ. ಓಗೋವಾಗ ನಿಮ್ ದುಡ್ಡು ನಿಮ್ಗೆ ವಾಪಸ್. ಈ ವಾರದಾಗೇ ಆದ್ರೆ ಒಸಿ ಕಮ್ಮಿ ಮಾಡ್ತೀನಿ."

ಮುಂದಿನ ವಾರ ಹರಾಜು. ಅದು ನಮಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿಲ್ಲ. ಕೈಯಲ್ಲಿಲ್ಲದ ಮನೆಯನ್ನು ಅವರು ನಮಗೆ ಭೋಗ್ಯಕ್ಕೆ ಕೊಡುತ್ತಿದ್ದರು. ಅವರ ಮನೆಗೆ ಬೆಲೆ ಬರೆದು ಬಂದ ನಾವು ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆಯೇ ಎಂದು ಕೇಳುತ್ತಿದ್ದೆವು. ಮೂವರು ಕೂತ ಆ ಹಾಲಿನಲ್ಲಿ ನಿಜ ಹೇಳುತ್ತಿದ್ದದ್ದು ಗೋಡೆ ಗಡಿಯಾರ ಒಂದೇ ಎಂದುಕೊಂಡೆ. ಎದ್ದು ನೋಡಿದರೆ ಅದೂ ನಿಂತಿತ್ತು.

ಅವ್ವ ಅಷ್ಟರಲ್ಲಿ ಆ ಮನೆಯಾಕೆಯ ಜೊತೆ ಅಡುಗೆಮನೆ ಸೇರಿದ್ದಳು. ಇಬ್ಬರ ಮಾತು ಹೊರಗೆ ಕೇಳಿಸುತ್ತಿತ್ತು.

"ಅಡಗಿ ಕಟ್ಟಿ ಸ್ವಲ್ಪ ತೆಳಗಾಗೇತಲ್ರಿ?"

"ನಮ್ಮತ್ತೆ ಗಿಡ್ಡಕ್ಕಿದ್ರು, ಅವ್ರಿಗಂತ ಆಕ್ಸಿದ್ದು. ಅವ್ರು ಓದ್ರು, ನಾನು ಸೊಂಟ ನೋವು ಮಾಡ್ಕೊಂಡು ಅಂಗೇ ಅದ್ರಾಗೇ ಮಾಡ್ತಾ ಇವ್ನಿ. ನೀವು ಎಷ್ಟ್ ಜನ ಇದೀರಕ್ಕಾ?"

"ಮೂರೇ ಮಂದಿ. ಮೂರನೇದ್ದು ಹೊರಗ ಕುಂತೈತಲ್ಲ, ಅದರ ಬಾಯಿ ಒಂದ ನಾಕ ಮಂದೀದು."

ಆಕೆ ಜೋರಾಗಿ ನಕ್ಕರು. ಅವ್ವ ಕಪಾಟು ತೆರೆಸಿ ನೋಡಿದಳು, ಕಿಟಕಿಯಿಂದ ಬೆಳಕು ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿದಳು, ಪಾತ್ರೆ ತೊಳೆಯುವ ಜಾಗದಲ್ಲಿ ನೀರು ನಿಲ್ಲುತ್ತದೆಯೇ ಎಂದು ಸುರಿದೇ ನೋಡಿದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ನಾನು ಹಿಂದೆ ನೋಡದ ಒಂದು ಕಳೆ ಇತ್ತು. ಮನೆ ಅವಳಿಗೆ ಹಿಡಿಸಿಬಿಟ್ಟಿತ್ತು.

ಹೊರಡುವಾಗ ಆಕೆ ತಡೆದರು. "ಇರಕ್ಕಾ, ಸುಕ್ರವಾರ ಮುತ್ತೈದೆ ಬರಿಗೈಲಿ ಓಗ್ಬಾರ್ದು." ದೇವರ ಕೋಣೆಯಿಂದ ತಟ್ಟೆ ತಂದರು: ಅರಿಸಿನ ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ, ಒಂದು ರವಿಕೆ ಬಟ್ಟೆ. ಬೆಂಗಳೂರು ಕಡೆ ಇದು ಬಂದ ಹೆಂಗಸರಿಗೆಲ್ಲ ಮಾಡುವ ಮರ್ಯಾದೆ. ಕೈಗೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು. ಅವ್ವ ಮಾತ್ರ ಅಭ್ಯಾಸಬಲದಿಂದ ಪೂರ್ವಕ್ಕೆ ಮುಖ ಮಾಡಿ, ಸೆರಗನ್ನು ಎರಡೂ ಕೈಯಲ್ಲಿ ಚಾಚಿ ನಿಂತಳು. ಆಕೆ ಅರೆಗಳಿಗೆ ತಡೆದು, ಎಲ್ಲವನ್ನೂ ಸೆರಗಿಗೇ ಹಾಕಿದರು. ಚಾಚಿದ ಸೆರಗಿಗೆ ಅಷ್ಟೇ ಸಾಲದು ಎನ್ನಿಸಿತೋ ಏನೋ, ಒಳಗೆ ಹೋಗಿ ಬೊಗಸೆ ಅಕ್ಕಿ ತಂದು ಅದನ್ನೂ ಸುರಿದರು.

ಬಸ್ಸಿನಲ್ಲಿ ಅವ್ವ ಆ ಗಂಟನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದಳು. ನಾನು ಅಪ್ಪನ 'ಪಾಯಾ ಎಷ್ಟ ಫೂಟ್' ಅನ್ನು ಮೂರು ಬಗೆಯಲ್ಲಿ ಮಾಡಿ ತೋರಿಸಿದೆ. ಅವಳು ಕಿಟಕಿಯ ಕಡೆಯಿಂದ ತಿರುಗಲಿಲ್ಲ.

ಮನೆಗೆ ಬಂದು ಗಂಟು ಬಿಚ್ಚಿ ದೇವರ ಮುಂದಿಟ್ಟು ಹೇಳಿದಳು: "ಆ ಮನಿ ಬ್ಯಾಡ್ರಿ."

"ಯಾಕ? ಕಟ್ಟಿ ತೆಳಗಾತೇನು? ಎತ್ತರಿಸಿದ್ರಾತು."

"ಅಕಿ ನನಗ ಉಡಿ ತುಂಬ್ಯಾಳ."

ನಮ್ಮ ಕಡೆ ಉಡಿ ತುಂಬುವುದೆಂದರೆ ಬರೀ ಮರ್ಯಾದೆಯಲ್ಲ. ತುಂಬಿದವರ ಮನೆ ತುಂಬಿಸಿಕೊಂಡವಳಿಗೆ ತವರು. ಅವರ ಒಳಿತು ಬಯಸಬೇಕು, ಕಷ್ಟಕ್ಕೆ ಆಗಬೇಕು. ಅಪ್ಪ ಹಣೆ ಒತ್ತಿಕೊಂಡ.

"ಅಕಿಗೇನು ಗೊತ್ತೈತಿ ನಮ್ಮ ಉಡಿ ಗಿಡಿ? ಅವರು ಎಲ್ಲಾರಿಗೂ ಕೊಡ್ತಾರ. ಸೆರಗ ಒಡ್ಡಿದಾಕಿ ನೀನು."

"ಒಡ್ಡಿದ್ದು ನಾನ. ತುಂಬಿದ್ದು ಅಕಿ. ಆಗಿದ್ದು ಆತು."

"ಅಕಿ ಗಂಡ ಬ್ಯಾಂಕಿಗೆ ಹೋದ ಮನೀನ ನಮಗ ಭೋಗ್ಯಾಕ್ಕ ಕೊಟ್ಟು ಟೊಪಗಿ ಹಾಕಾಕ ನೋಡಾಕತ್ತಿದ್ದ. ಅದು ಕಾಣಲಿಲ್ಲ ನಿನಗ?"

"ಕಂಡೈತಿ. ನಾವು ಹೋಗಿದ್ದು ಯಾತಕ್ಕಂತನೂ ಕಂಡೈತಿ."

"ನಾವು ಬಿಟ್ರ ಇನ್ನೊಬ್ಬರು ತಗೋತಾರ. ಅವರೇನು ಅದ ಮನ್ಯಾಗ ಉಳೀತಾರ?"

"ಯಾರರ ತಗೊಳ್ಳಲಿ. ನಾ ಪೊಲೀಸರನ್ನ ಕರಕೊಂಡು ಹೋಗಿ ಅಕೀನ ಹೊರಗ ಹಾಕಿ ಆ ಒಲಿ ಹಚ್ಚೂದಿಲ್ಲ."

ಮೂರು ದಿನ ನಮ್ಮ ಮನೆಯಲ್ಲಿ ಪಾತ್ರೆಗಳಷ್ಟೇ ಸದ್ದು ಮಾಡಿದವು. ನಾನು ಅಣಕಿಸಲು ಯಾರೂ ಮಾತೇ ಆಡುತ್ತಿರಲಿಲ್ಲ. ನಾಲ್ಕನೆಯ ದಿನ ಅವ್ವ ಒಂದು ಮೆಟ್ಟಿಲು ಇಳಿದಳು. "ಕವರ್ ಹಾಕಿದ್ದು ಹಾಕೀರಿ, ತಗಸಾಕ ಬರೂದಿಲ್ಲ. ಅದಕ್ಕ ಬಂದ್ರ ಬರಲಿ, ನನ್ನ ಹಣಿಬರಹ ಅಂತೀನಿ. ಅದರ ಮ್ಯಾಲ ಮಾತ್ರ ಒಂದು ರೂಪಾಯಿ ಏರಿಸಬ್ಯಾಡ್ರಿ." ಅಪ್ಪ ಪಾಸ್‌ಬುಕ್ ತೆಗೆದು ಲೆಕ್ಕ ಹಾಕುತ್ತ ಕೂತ.

ಹರಾಜು ನಡೆದದ್ದು ಬ್ಯಾಂಕಿನ ಹಿಂಭಾಗದ ಕೋಣೆಯಲ್ಲಿ, ಒಡೆದ ಕುರ್ಚಿಗಳನ್ನು ಗುಡ್ಡೆ ಹಾಕಿದ್ದ ಮೂಲೆಯ ಪಕ್ಕ. ಕವರು ಹಾಕಿದ್ದವರು ಮೂವರು. ಒಬ್ಬರು ನಿವೃತ್ತ ಮೇಷ್ಟರಂತಿದ್ದರು. ಇನ್ನೊಬ್ಬ ಬಿಳಿ ಶೂ ಹಾಕಿದ ರಿಯಲ್ ಎಸ್ಟೇಟಿನವನು. ಎರಡು ಫೋನಿನಲ್ಲಿ ಒಂದೇ ಬೈಗುಳ ಬೈಯುತ್ತಿದ್ದ. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಆಮೇಲೆ ಬಾಗಿಲಲ್ಲಿ ಅವರು ಕಾಣಿಸಿದರು, ಆ ಮನೆಯ ಯಜಮಾನರು, ಅದೇ ಇಸ್ತ್ರಿಯ ಅಂಗಿಯಲ್ಲಿ. ಸಾಲ ಮಾಡಿದವರೂ ಬಂದು ಕೂರಬಹುದಂತೆ. ನಮ್ಮನ್ನು ಕಂಡು ಅವರ ಮುಖ ಇಳಿಯಿತು. ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ತುದಿಗೆ ಕೂತರು.

"ನಿಮ್ಗೆ ಗೊತ್ತಾಗೋಯ್ತು ಅಲ್ವಾ ಅಣ್ಣಾ" ಎಂದರು ಮೆಲ್ಲಗೆ. "ನೋಡೋಣಾಂತ ಬಂದ್ರಾ? ತಪ್ಪಾಯ್ತು. ನಿಮ್ಗೆ ಏಳ್ಬೇಕಾಗಿತ್ತು. ಭೋಗ್ಯದ ದುಡ್ಡು ಬಂದ್ರೆ ಬ್ಯಾಂಕಿಗೆ ಒಸಿ ಕಟ್ಟಿ ಇದನ್ನ ನಿಲ್ಲಿಸ್ಬೋದು ಅಂತಿದ್ದೆ. ನಿಮ್ ಮನೇರ್ನ ನೋಡಿ ನಮ್ಮೆಂಗುಸ್ರು ಅವತ್ತು ರಾತ್ರೆಯೆಲ್ಲಾ ಬಯ್ದ್ಲು, ಅಂಥೋರಿಗೆ ಮೋಸ ಮಾಡ್ತೀಯಾ ಅಂತ."

ನಾವು ಮೋಸ ಹೋಗಲಿದ್ದ ಬಾಡಿಗೆದಾರರು ಎಂದೇ ಅವರು ಇನ್ನೂ ತಿಳಿದಿದ್ದರು. ಎದುರಿಗೆ ಅಧಿಕಾರಿ ಕವರು ಒಡೆಯಲು ಶುರು ಮಾಡಿದ್ದರು. ಮೊದಲು ಮೇಷ್ಟರ ಹೆಸರು, ಆಮೇಲೆ ಶೂನವನದು. ಮೂರನೆಯದಕ್ಕೆ ಅಪ್ಪನ ಹೆಸರನ್ನು, ಅಪ್ಪನ ತಂದೆಯ ಹೆಸರಿನ ಸಮೇತ, ಗಟ್ಟಿಯಾಗಿ ಓದಿ, "ಇವ್ರದ್ದೇ ಹೈಯೆಸ್ಟ್ ಅಲ್ವಾ. ಎಲ್ಲಿದೀರಾ ಸರ್?" ಎಂದರು.

ಅಪ್ಪ ಕೈ ಎತ್ತಿದ. ಪಕ್ಕದ ಕುರ್ಚಿಯವರು ಆ ಕೈಯನ್ನೇ ನೋಡಿದರು. ನಾನು ಎಷ್ಟೋ ಜನರ ಮುಖ ಮಾಡಿ ತೋರಿಸಿ ನಗಿಸಿದ್ದೇನೆ. ಆ ಮುಖದ ಕಡೆ ತಿರುಗಲಿಲ್ಲ.

ಶೂನವನು ಫೋನಿನಿಂದ ಕಿವಿ ಎತ್ತದೆಯೇ ಒಂದು ಮೆಟ್ಟಿಲು ಏರಿಸಿದ. ಮೇಷ್ಟರು ತಲೆಯಾಡಿಸಿ ಚೀಲ ಎತ್ತಿಕೊಂಡರು. ಅಧಿಕಾರಿ ಅಪ್ಪನ ಕಡೆ ನೋಡಿದರು. "ಸರ್, ಏರಿಸ್ತೀರಾ? ಇನ್ನೊಂದ್ ಸ್ಟೆಪ್ ಅಷ್ಟೇ ಅಲ್ವಾ."

ಆ ಒಂದು ಮೆಟ್ಟಿಲಿನಷ್ಟು ಅಪ್ಪನ ಹತ್ತಿರ ಇತ್ತು. ಮನೆಯಲ್ಲಿ ಲೆಕ್ಕ ಹಾಕಿಯೇ ಬಂದಿದ್ದ. ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿದ್ದಿರಬೇಕು. ಅವನ ಕೈ ಮೊಣಕಾಲ ಮೇಲಿತ್ತು. ಬೆರಳುಗಳು ಪ್ಯಾಂಟಿನ ಮಡಿಕೆಯನ್ನು ಹಿಡಿದುಕೊಂಡವು. ಅಧಿಕಾರಿ ಮತ್ತೊಮ್ಮೆ ಕೇಳಿದರು. ಅಪ್ಪ ಇಲ್ಲವೆಂದು ಕತ್ತು ಆಡಿಸಿದ. ಮನೆ ಶೂನವನದಾಯಿತು. ಅವನು ಫೋನಿಗೆ, "ಆಯ್ತು ಮಗಾ, ಬಿತ್ತು" ಎಂದಷ್ಟೇ ಹೇಳಿ ಸಹಿ ಹಾಕಲು ಎದ್ದ.

ಹೊರಗೆ ಮೆಟ್ಟಿಲ ಹತ್ತಿರ ಮನೆಯ ಯಜಮಾನರು ನಮಗಾಗಿ ನಿಂತಿದ್ದರು. ಬೈಯುತ್ತಾರೆ ಎಂದು ನಾನು ಅಪ್ಪನ ಮುಂದೆ ಸರಿದು ನಿಂತೆ. ನನ್ನ ಕಡ್ಡಿಯಂಥ ಮೈಗೆ ಅದು ಬಹಳ ಧೈರ್ಯ.

"ಯಾಕಣ್ಣಾ ಬಿಟ್ಬಿಟ್ರಿ" ಎಂದರು ಅವರು. "ಒಂದ್ ಮಾತು ಏರಿಸ್ಬಾರ್ದಾಗಿತ್ತಾ? ನೀವಾದ್ರೆ ಕಾಲು ಹಿಡ್ಕೊಂಡಾದ್ರೂ ಯುಗಾದಿಗಂಟ ಟೈಮ್ ಕೇಳ್ತಿದ್ದೆ. ಅವ್ನು ಗೊತ್ತಿರೋನೇ. ಖಾಲಿ ಮಾಡ್ಸಕ್ಕೆ ಹುಡುಗ್ರನ್ನ ಕರ್ಕೊಂಡ್ ಬತ್ತಾನೆ."

ಬಸ್ಸಿನಲ್ಲಿ ಅಪ್ಪ ಒಂದೇ ಸಲ ಮಾತಾಡಿದ: "ನಿಮ್ಮವ್ವಗ ನೀ ಹೇಳಬ್ಯಾಡ. ನಾ ಹೇಳ್ತೀನಿ." ಹೇಳಿದ, ಯಾರ ದನಿಯನ್ನೂ ಮಾಡದೆ, ಇದ್ದದ್ದು ಇದ್ದ ಹಾಗೆ. ಆ ಯಜಮಾನರ ಕೊನೆಯ ಮಾತನ್ನು ಅವ್ವ ಎರಡು ಸಲ ಹೇಳಿಸಿ ಕೇಳಿದಳು.

ಮರುದಿನ ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿ ಕೋಗಿಲಿಗೆ ಹೊರಡಿಸಿದಳು. ಹೋಗಿ ಏನು ಮಾಡುವುದು ಎಂದು ಕೇಳಿದ್ದಕ್ಕೆ, "ಹೋಗಬೇಕು" ಎಂದಳು. ಆ ಮನೆಯಾಕೆ ಗ್ರಿಲ್ ಬಾಗಿಲಿನ ಬೀಗ ತೆಗೆಯದೆ ಒಳಗೇ ನಿಂತು ನಮ್ಮನ್ನು ನೋಡಿದರು. ಹಿಂದೆ ಹಾಲಿನಲ್ಲಿ ಪಾತ್ರೆಗಳು ನೆಲಕ್ಕೆ ಇಳಿದಿದ್ದವು.

"ನೀರು ನಿಲ್ತದಾ ಅಂತ ಸುರ್ದು ನೋಡಿದ್ರಲ್ಲಕ್ಕಾ. ಬಾಡಿಗೆಗೆ ಬಂದೋರು ಅಷ್ಟ್ ಯಾರ್ ನೋಡ್ತಾರೆ ಅಂತ ನನಗಾಗ್ಲೇ ಒಳೀಬೇಕಾಗಿತ್ತು."

"ಹೌದ್ರಿ" ಎಂದಳು ಅವ್ವ. "ಅದಕ್ಕ ನೋಡಿದ್ದು."

"ನಮ್ಮನೆಯವ್ರು ನೀವೇ ತಗೊಂಡಿದ್ರೆ ಚೆಂದಾಗಿತ್ತು ಅಂತವ್ರೆ. ನಾನಂಗನ್ನಲ್ಲ. ನೀವ್ ತಗೊಂಡಿದ್ರೆ ದಿನಾ ಶಾಪ ಆಕ್ತಿದ್ದೆ. ಈಗ ಯಾರಿಗೆ ಆಕ್ಲಿ ಏಳಿ. ಅವನ ಮುಖಾನೇ ನೋಡಿಲ್ಲ ನಾನು."

"ನನಗ ಹಾಕ್ರಿ. ನಿಮಗ ಗುರುತಿನಾಕಿ ನಾ ಒಬ್ಬಾಕಿನ ಅದೀನಲ್ಲ."

ಆಕೆ ಅಳುತ್ತಾರೋ ನಗುತ್ತಾರೋ ತಿಳಿಯದ ಹಾಗೆ ಬಾಯಿ ಬಿಗಿದುಕೊಂಡರು. ಬೀಗ ತೆಗೆಯಲು ಬಹಳ ಹೊತ್ತು ಹಿಡಿಯಿತು. ಒಳಗೆ ಬಾ ಎನ್ನಲಿಲ್ಲ. ತೆಗೆದು ಸುಮ್ಮನೆ ಪಾತ್ರೆಗಳ ಹತ್ತಿರ ಹೋಗಿ ಕೂತರು. ಅವ್ವ ಹಿಂದೆಯೇ ಹೋಗಿ ಎದುರಿಗೆ ಕೂತು ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಹಳೆಯ ಪೇಪರಿನಲ್ಲಿ ಸುತ್ತತೊಡಗಿದಳು. ಮಧ್ಯಾಹ್ನದ ತನಕ ಇಬ್ಬರೂ ಕಟ್ಟುತ್ತಲೇ ಇದ್ದರು. ನನ್ನನ್ನು ಗೋಣಿಚೀಲ ತರಲು ಅಟ್ಟಿದರು. ಅಂಗಡಿಯವನು ಮನೆ ಖಾಲಿ ಮಾಡ್ತಿದ್ದೀರಾ ಎಂದು ಕೇಳಿದ. ಹೂಂ ಎಂದೆ. ಯಾರ ಮನೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೀಪಾವಳಿಗೆ ಮುಂಚೆ ನಾವು ಚಿಕ್ಕಬಾಣಾವರದಲ್ಲಿ ಬಾಡಿಗೆ ಹಿಡಿದೆವು. ಅಪ್ಪ ನಿವೃತ್ತನಾದ. ಸ್ವಂತ ಮನೆಯ ಮಾತನ್ನು ಅವ್ವ ಎತ್ತುವುದಿಲ್ಲ. ಅಪ್ಪ ಎತ್ತುತ್ತಾನೆ, ಅವಳು ತರಕಾರಿಗೆ ಹೋದ ಹೊತ್ತು ನೋಡಿ, ನನ್ನ ಹತ್ತಿರ. "ನಾ ಅವತ್ತು ಏರಿಸಬೇಕಿತ್ತೇನೋ?" ಎಂದು ಕೇಳುತ್ತಾನೆ. ಏರಿಸಬೇಕಿತ್ತು ಎಂದರೆ, ಆ ಹೆಣ್ಣುಮಗಳು ಏನಂದಳು ಮರೆತೆಯಾ ಎನ್ನುತ್ತಾನೆ. ಬೇಡವಿತ್ತು ಎಂದರೆ, ಅಕಿ ಗಂಡ ಹೇಳಿದ್ದು ನೀ ಕೇಳಿಲ್ಲೇನು ಎನ್ನುತ್ತಾನೆ. ಅವ್ವ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಟಿ.ವಿ. ಹಾಕುತ್ತಾನೆ.